ಉಪಾಲಿಯ ಕಸುಬಿಗೆ ಆಧಾರ ಉಂಟು

ನಮ್ಮ ಊರಿನ ಕ್ಷೌರದಂಗಡಿಯಲ್ಲಿ ಕೆಲಸ ಮಾಡುವ ತರುಣನೊಬ್ಬ ಹೋದ ವಾರ ಪತ್ರಿಕೆಯ ಕಚೇರಿಗೆ ಬಂದಿದ್ದ. ಕೈಯಲ್ಲಿ ಮೊಬೈಲು, ಮುಖದಲ್ಲಿ ಸಿಟ್ಟು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ ಈಗ ಎಲ್ಲರ ಅಂಗೈಯಲ್ಲೂ ಇದೆಯಷ್ಟೆ. ಅದರಲ್ಲಿ ಅವನು ಬುದ್ಧನ ಶಿಷ್ಯ ಉಪಾಲಿಯ ಮೇಲೆ ಕನ್ನಡದಲ್ಲಿ ಒಂದು ಲೇಖನ ಬರೆದಿದ್ದ. ಅಂಗಡಿ ಬಾಗಿಲು ಹಾಕಿದ ಮೇಲೆ ಮೂರು ರಾತ್ರಿ ಕುಳಿತು ಬರೆದದ್ದು. ಒಂದು ವಾರದೊಳಗೆ ಯಾರೋ ಅದರ ಅರ್ಧವನ್ನು ತೆಗೆದುಹಾಕಿದ್ದರು. ಕೊಟ್ಟ ಕಾರಣ, "ಆಧಾರವಿಲ್ಲ" ಎಂಬುದೊಂದೇ. ಅಷ್ಟೇ ಆಗಿದ್ದರೆ ಅವನು ನಮ್ಮಲ್ಲಿಗೆ ಬರುತ್ತಿರಲಿಲ್ಲವೇನೋ. "ಉಪಾಲಿ ಶಾಕ್ಯರ ಕ್ಷೌರಿಕನಾಗಿದ್ದ" ಎಂಬ ಮೊದಲ ಸಾಲನ್ನು ತಿದ್ದಿ "ಉಪಾಲಿ ಶಾಕ್ಯ ರಾಜಮನೆತನದ ಸೇವೆಯಲ್ಲಿದ್ದ" ಎಂದು ಮಾಡಿದ್ದರು.

"ನೋಡಿ ಅಣ್ಣಾ, ನಮ್ಮವನೊಬ್ಬ ದೊಡ್ಡವನಾದ ಅಂದರೆ ಇವರಿಗೆ ಆಧಾರ ಬೇಕು. ಅವನ ಕಸುಬು ಮುಚ್ಚೋದಕ್ಕೆ ಮಾತ್ರ ಯಾವ ಆಧಾರವೂ ಬೇಡ" ಎಂದ.

ಅವನ ಮಾತಿನಲ್ಲಿ ಅರ್ಧ ನ್ಯಾಯವಿದೆ. ಇನ್ನರ್ಧಕ್ಕೆ ನಾವು ಅವನೊಡನೆ ಜಗಳವಾಡಿದೆವು. ಆ ಜಗಳವನ್ನೇ ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇವೆ. ಬುದ್ಧನ ಕಾಲದ ಭಿಕ್ಷುವಿನ ಮಾತು ಗಿರಣಿಯವರಿಗೂ ಅಂಗಡಿಯವರಿಗೂ ಏಕೆ ಎಂದು ಕೇಳುವವರು ಸ್ವಲ್ಪ ತಾಳಬೇಕು.

ಮೊದಲು ಉಪಾಲಿ ಯಾರೆಂಬುದನ್ನು ನೋಡೋಣ. ಪಾಲಿ ಭಾಷೆಯ ವಿನಯಪಿಟಕದಲ್ಲಿ ಚುಲ್ಲವಗ್ಗ ಎಂಬ ಭಾಗವಿದೆ. ಅದರ ಏಳನೆಯ ಅಧ್ಯಾಯದಲ್ಲಿ ಈ ಕಥೆ ಬರುತ್ತದೆ. ಭದ್ದಿಯ, ಅನುರುದ್ಧ, ಆನಂದ, ಭಗು, ಕಿಂಬಿಲ, ದೇವದತ್ತ ಎಂಬ ಆರು ಜನ ಕುಮಾರರು ಮನೆ ಬಿಟ್ಟು ಬುದ್ಧನ ಬಳಿಗೆ ಹೊರಟರು. ಏಳನೆಯವನಾಗಿ ಅವರ ಕ್ಷೌರಿಕ ಉಪಾಲಿಯೂ ಇದ್ದ. ಗಡಿ ದಾಟಿದ ಮೇಲೆ ಕುಮಾರರು ಮೈಮೇಲಿನ ಒಡವೆಗಳನ್ನೆಲ್ಲ ಬಿಚ್ಚಿ ಗಂಟು ಕಟ್ಟಿ, ನಿನ್ನ ಜೀವನಕ್ಕೆ ಇಷ್ಟು ಸಾಕು, ಹಿಂದಕ್ಕೆ ಹೋಗು ಎಂದು ಉಪಾಲಿಯ ಕೈಗೆ ಕೊಟ್ಟರು. ಅವನೂ ಸ್ವಲ್ಪ ದೂರ ಹಿಂದಕ್ಕೆ ಹೋದ. ಆಮೇಲೆ ಯೋಚನೆ ಹತ್ತಿತು: ಶಾಕ್ಯರು ಮಹಾ ಕೋಪಿಷ್ಠರು, ಕುಮಾರರನ್ನು ಓಡಿಸಿದವನು ಇವನೇ ಎಂದು ನನ್ನನ್ನು ಕೊಂದೇಬಿಟ್ಟಾರು. ಅವನು ಗಂಟನ್ನು ಮರಕ್ಕೆ ನೇತುಹಾಕಿ, ಕಂಡವರು ತೆಗೆದುಕೊಳ್ಳಲಿ ಎಂದು ಬಿಟ್ಟು ಕುಮಾರರ ಹಿಂದೆಯೇ ಬಂದ.

ಒಡೆಯನ ಒಡವೆ ಆಳಿನ ಕೈಯಲ್ಲಿ ಕಂಡರೆ ಊರು ಏನೆನ್ನುತ್ತದೆಂದು ಆಳಿಗೆ ಗೊತ್ತು. ಈ ಭಯ ನಿನ್ನೆ ಮೊನ್ನೆಯದಲ್ಲ.

ಮುಂದೆ ನಡೆದದ್ದು ಇನ್ನೂ ದೊಡ್ಡದು. ಮೊದಲು ಉಪಾಲಿಗೇ ಪ್ರವ್ರಜ್ಯೆ ಕೊಡಬೇಕೆಂದು ಕುಮಾರರು ಬುದ್ಧನನ್ನು ಕೇಳಿಕೊಂಡರು. ಸಂಘದಲ್ಲಿ ಮೊದಲು ಸೇರಿದವನೇ ಹಿರಿಯ, ಆಮೇಲೆ ಸೇರಿದವನು ಅವನಿಗೆ ಕೈ ಮುಗಿಯಬೇಕು. ಹುಟ್ಟು ಯಾವುದೆಂದು ಕೇಳುವಂತಿಲ್ಲ. ಇಷ್ಟು ದಿನ ನಮ್ಮ ಸೇವೆ ಮಾಡಿದವನಿಗೆ ನಾವೇ ನಮಸ್ಕರಿಸಿದರೆ ನಮ್ಮ ಶಾಕ್ಯ ಗರ್ವ ಇಳಿಯುತ್ತದೆ ಎಂಬುದು ಅವರ ಮಾತು. ಹಾಗೆಯೇ ಆಯಿತು. ಮುಂದೆ ವಿನಯವನ್ನು, ಅಂದರೆ ಸಂಘದ ಕಾಯಿದೆಯನ್ನು, ಬಲ್ಲವರಲ್ಲಿ ಅಗ್ರಗಣ್ಯನೆಂದು ಅಂಗುತ್ತರ ನಿಕಾಯ ಹೆಸರಿಸುವುದು ಇದೇ ಉಪಾಲಿಯನ್ನು.

ಈಗ ಲೇಖನಕ್ಕೆ ಬರೋಣ. ತೆಗೆದುಹಾಕಿದ ಸಾಲುಗಳನ್ನು ತರುಣನೊಡನೆ ಕುಳಿತು ಒಂದೊಂದಾಗಿ ನೋಡಿದೆವು. ಒಂದು ಸಾಲಿನಲ್ಲಿ ಉಪಾಲಿ ಹುಟ್ಟಿದ ಇಸವಿ ಇತ್ತು. ಎಲ್ಲಿಂದ ಬಂತಪ್ಪಾ ಎಂದರೆ, ಲೆಕ್ಕ ಹಾಕಿ ಬರೆದೆ ಎಂದ. ಬುದ್ಧನ ಮರಣವನ್ನು ಕೆಲವು ವಿದ್ವಾಂಸರು ಕ್ರಿ.ಪೂ. 483ರ ಸುಮಾರಿಗೆ ಇಟ್ಟರೆ, ಇನ್ನು ಕೆಲವರು 400ರ ಹತ್ತಿರಕ್ಕೆ ತರುತ್ತಾರೆ. ಗುರುವಿನ ಕಾಲದಲ್ಲೇ ಎಂಬತ್ತು ವರ್ಷಗಳ ಅಂತರವಿರುವಾಗ ಶಿಷ್ಯನ ಜನ್ಮವರ್ಷ ಲೆಕ್ಕಕ್ಕೆ ಸಿಗುವುದುಂಟೆ?

ಇನ್ನೊಂದು ಸಾಲಿನಲ್ಲಿ ಉಪಾಲಿ ಮೊದಲು ನಿಗಂಠರ, ಅಂದರೆ ಜೈನರ, ಅನುಯಾಯಿಯಾಗಿದ್ದ ದೊಡ್ಡ ಶ್ರೀಮಂತ ಎಂದಿತ್ತು. ಇದು ಬೇರೆ ಉಪಾಲಿ! ನಾಲಂದದ ಗೃಹಸ್ಥ. ಮಜ್ಝಿಮ ನಿಕಾಯದ ಐವತ್ತಾರನೆಯ ಸುತ್ತ ಅವನ ಹೆಸರಿನದೇ. ಅವನು ಅನುಯಾಯಿಯಾಗಲು ಬಂದಾಗ ಬುದ್ಧ ಚೆನ್ನಾಗಿ ವಿಚಾರಿಸಿ ನೋಡು ಎಂದದ್ದೂ, ನಿಗಂಠರಿಗೆ ಕೊಡುತ್ತಿದ್ದ ಭಿಕ್ಷೆಯನ್ನು ನಿಲ್ಲಿಸಬೇಡ ಎಂದದ್ದೂ ಅಲ್ಲಿದೆ. ಒಳ್ಳೆಯ ಕಥೆಯೇ, ಆದರೆ ನಮ್ಮ ಕ್ಷೌರಿಕನದಲ್ಲ. ಒಂದೇ ಹೆಸರಿನ ಇಬ್ಬರ ಉದ್ರಿಯನ್ನು ಒಂದೇ ಖಾತೆಗೆ ಬರೆದರೆ ಏನಾಗುತ್ತದೆಂದು ಅಂಗಡಿಯವರಿಗೆ ಹೇಳಬೇಕಾಗಿಲ್ಲ.

"ಜಗತ್ತಿನ ಮೊಟ್ಟಮೊದಲ ನ್ಯಾಯಶಾಸ್ತ್ರಜ್ಞ", "ಬುದ್ಧನ ಕಾಲದ ಹಡಪದ ಅಪ್ಪಣ್ಣ" ಎಂಬ ಬಿರುದುಗಳೂ ಹೋಗಿದ್ದವು. ಹೋಗಲಿ ಬಿಡು ಎಂದೆವು. ಅಪ್ಪಣ್ಣ ಹನ್ನೆರಡನೆಯ ಶತಮಾನದ ಕಲ್ಯಾಣದವನು, ಅವನಿಗೆ ಅವನದೇ ಲೇಖನ ಉಂಟು. ಸಭೆಯಲ್ಲಿ ಭಾಷಣ ಮಾಡುವಾಗ ಇಬ್ಬರನ್ನೂ ಒಟ್ಟಿಗೆ ನೆನೆಯೋಣ. ನಾವೂ ಚಪ್ಪಾಳೆ ತಟ್ಟುತ್ತೇವೆ. ವಿಶ್ವಕೋಶ ಭಾಷಣದ ವೇದಿಕೆಯಲ್ಲ.

ತರುಣನಿಗೆ ಇದು ಹಿಡಿಸಲಿಲ್ಲ. ನೀವೂ ಅವರ ಪಕ್ಷವೇ ಎಂದ. ನಾವು ಕೇಳಿದೆವು: ಮೂವತ್ತು ವರ್ಷ ದುಡಿದ ಗಿರಣಿ ಕಾರ್ಮಿಕನ ಹೆಸರು ಹಾಜರಿ ಪುಸ್ತಕದಲ್ಲಿ ಇಲ್ಲದಿದ್ದರೆ ಅವನ ಗತಿ ಏನು? 1972ರ ಗ್ರ್ಯಾಚುಯಿಟಿ ಕಾಯಿದೆ ಬಂದ ಮೇಲೂ ಐದು ವರ್ಷದ ಸೇವೆಗೆ ದಾಖಲೆ ಹುಡುಕುತ್ತ ಅಲೆದವರನ್ನು ಈ ಪತ್ರಿಕೆಯ ಓದುಗರು ಕಂಡಿದ್ದಾರೆ. ಮಾಲೀಕನ ಮಾತಿಗೆ ಅವನ ಹಣವೇ ಜಾಮೀನು. ಬಡವನ ಮಾತಿಗೆ ಚೀಟಿಯೊಂದೇ ಜಾಮೀನು. ಆಧಾರ ಕೇಳುವ ಪದ್ಧತಿ ನಮ್ಮ ವೈರಿ ಎಂದು ತಿಳಿದರೆ ನಾವೇ ಸೋಲುತ್ತೇವೆ.

ಅವನ ಲೇಖನದಲ್ಲಿ ಒಡವೆಯ ಗಂಟಿನ ಕಥೆಯೂ ಹೋಗಿತ್ತು, ಉಪಾಲಿಗೆ ಮೊದಲು ದೀಕ್ಷೆಯಾದ ಸಂಗತಿಯೂ ಹೋಗಿತ್ತು. ಇವೆರಡಕ್ಕೂ ಚುಲ್ಲವಗ್ಗದ ಆಧಾರ ಗಟ್ಟಿಯಾಗಿದೆ. ಆದರೆ ತರುಣ ಬರೆದದ್ದು "ಬೌದ್ಧ ಗ್ರಂಥಗಳಲ್ಲಿ ಹೇಳಿದೆ" ಎಂದು ಮಾತ್ರ. ಯಾವ ಗ್ರಂಥ, ಯಾವ ಅಧ್ಯಾಯ, ಯಾರ ಅನುವಾದ, ಎಷ್ಟನೆಯ ಪುಟ? "ಪೇಟೆಯಲ್ಲಿ ತಂದೆ" ಎಂದರೆ ಕಿರ್ದಿಗೆ ಚೀಟಿಯಾದೀತೆ? ಓಲ್ಡನ್‌ಬರ್ಗ್ ಪಾಲಿ ವಿನಯವನ್ನು 1879ರಿಂದ 1883ರವರೆಗೆ ಅಚ್ಚು ಹಾಕಿಸಿದ. ಐ. ಬಿ. ಹಾರ್ನರ್ ಎಂಬ ವಿದುಷಿ 1938ರಿಂದ 1966ರವರೆಗೆ ಆರು ಸಂಪುಟಗಳಲ್ಲಿ ಅದನ್ನು ಇಂಗ್ಲಿಷಿಗೆ ತಂದಳು. ಸಿಂಹಳದ ಮಲಲಸೇಕರನ ಪಾಲಿ ಹೆಸರುಗಳ ಕೋಶ 1937–38ರಲ್ಲೇ ಎರಡು ಸಂಪುಟಗಳಾಗಿ ಬಂದಿದೆ. ಒಂದೇ ಹೆಸರಿನ ಹಲವರನ್ನು ಬೇರೆ ಬೇರೆ ಮಾಡಿ ಕೊಡುವುದೇ ಅದರ ದೊಡ್ಡ ಉಪಕಾರ.

ತರುಣ ಓದಿದ್ದು ಇವನ್ನಲ್ಲ. ಅವನು ಓದಿದ್ದು ಅಂಬೇಡ್ಕರರ 'ಬುದ್ಧ ಮತ್ತು ಅವನ ಧಮ್ಮ'. ಕ್ಷೌರಿಕ ಉಪಾಲಿ ಅದರಲ್ಲಿ ಬರುತ್ತಾನೆ, ಜಾಡಮಾಲಿ ಸುನೀತನೂ ಬರುತ್ತಾನೆ. ನಮ್ಮಲ್ಲಿ ಎಷ್ಟೋ ಜನರಿಗೆ ಉಪಾಲಿ ಪರಿಚಯವಾದದ್ದೇ ಆ ಪುಸ್ತಕದಿಂದ. 1956ರ ಡಿಸೆಂಬರಿನಲ್ಲಿ ಅಂಬೇಡ್ಕರರು ತೀರಿಕೊಂಡರು. 1957ರಲ್ಲಿ ಪುಸ್ತಕ ಹೊರಬಂದಾಗ ಅದರಲ್ಲಿ ಮೂಲಗಳ ಸೂಚನೆ ಇರಲಿಲ್ಲ. ಆಮೇಲೆ ಭದಂತ ಆನಂದ ಕೌಸಲ್ಯಾಯನರು ಹಿಂದಿಗೆ ಅನುವಾದಿಸುವಾಗ ಒಂದೊಂದು ಪ್ರಸಂಗದ ಮೂಲವನ್ನೂ ಪಾಲಿಯಲ್ಲಿ ಹುಡುಕಿದರು. ಅಂಬೇಡ್ಕರರ ಮೇಲೆ ಅವರಿಗೆ ಅಪನಂಬಿಕೆ ಇತ್ತೇ? ನಾಳೆ ಯಾರೂ ಆ ಪುಸ್ತಕವನ್ನು ಹಗುರವಾಗಿ ತಳ್ಳಿಹಾಕಬಾರದೆಂದು ತಾನೆ ಅಷ್ಟು ದುಡಿದದ್ದು?

ಇಷ್ಟಾದರೂ ತರುಣನ ಮುಖ ಸಡಿಲವಾಗಲಿಲ್ಲ. ಕೊನೆಗೆ ರಾಜಗೃಹದ ಕಥೆ ಹೇಳಿದೆವು.

ಬುದ್ಧ ತೀರಿಕೊಂಡ ಮೇಲೆ ಐನೂರು ಭಿಕ್ಷುಗಳು ರಾಜಗೃಹದಲ್ಲಿ ಸೇರಿದರೆಂದು ಚುಲ್ಲವಗ್ಗದ ಹನ್ನೊಂದನೆಯ ಅಧ್ಯಾಯ ಹೇಳುತ್ತದೆ. ಮಹಾಕಸ್ಸಪ ಅಧ್ಯಕ್ಷ. ವಿನಯವನ್ನು ಹೇಳುವ ಭಾರ ಬಿದ್ದದ್ದು ಉಪಾಲಿಯ ಮೇಲೆ. ಆನಂದನಂಥ ಶಾಕ್ಯ ಕುಮಾರ ಅದೇ ಸಭೆಯಲ್ಲಿ ತನ್ನ ಸರದಿಗೆ ಕಾಯುತ್ತಿದ್ದ. ಆಗ ಮಹಾಕಸ್ಸಪ ಏನು ಮಾಡಿದ? ಉಪಾಲಿ ದೊಡ್ಡವನು, ಹೇಳಿದ್ದೆಲ್ಲ ಸರಿ ಎಂದು ಬಿಡಲಿಲ್ಲ. ಮೊದಲನೆಯ ನಿಯಮ ಎಲ್ಲಿ ಹುಟ್ಟಿತೆಂದು ಕೇಳಿದ. ವೈಶಾಲಿಯಲ್ಲಿ ಎಂದ ಉಪಾಲಿ. ಯಾರ ದೆಸೆಯಿಂದ ಎಂಬ ಪ್ರಶ್ನೆಗೆ ಕಲಂದಪುತ್ತ ಸುದಿನ್ನನ ಹೆಸರು ಹೇಳಿದ. ಯಾವ ವಿಷಯಕ್ಕೆ ಎಂದರೆ ಅದನ್ನೂ ಹೇಳಿದ. ಹೀಗೆ ನಿಯಮದಿಂದ ನಿಯಮಕ್ಕೆ ಊರು, ಆಳು, ಸಂಗತಿ. ಎಲ್ಲ ಬಾಯಿಪಾಠದಿಂದ; ಪಾಲಿ ಗ್ರಂಥಗಳು ಸಿಂಹಳದಲ್ಲಿ ಓಲೆಗೆ ಇಳಿದದ್ದು ಕ್ರಿ.ಪೂ. ಒಂದನೆಯ ಶತಮಾನದಲ್ಲಿ. ಕತ್ತಿ ಕನ್ನಡಿ ಹಿಡಿದಿದ್ದ ಕೈಯವನು ಐನೂರು ಜನರ ನಡುವೆ ಒಂದೊಂದಕ್ಕೂ ಆಧಾರ ಹೇಳುತ್ತ ಹೋದ. ಅವನನ್ನು ಕುರಿತ ಲೇಖನಕ್ಕೆ ನಾವು ಆಧಾರ ಕೊಡುವುದಿಲ್ಲವೆಂದರೆ ಹೇಗೆ?

ತರುಣ ಆಗ ನಕ್ಕ.

ಈ ಸಭೆ ಪುಸ್ತಕದಲ್ಲಿ ಹೇಳಿದಂತೆಯೇ ನಡೆಯಿತೆಂದು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಬುದ್ಧನ ಕೊನೆಯ ದಿನಗಳನ್ನು ಹೇಳುವ ಮಹಾಪರಿನಿಬ್ಬಾಣ ಸುತ್ತದಲ್ಲಿ ಇದರ ಸುದ್ದಿಯೇ ಇಲ್ಲವೆಂದು ಓಲ್ಡನ್‌ಬರ್ಗನೇ ಸಂಶಯ ಎತ್ತಿದ್ದ. ಅದನ್ನೂ ಲೇಖನದಲ್ಲಿ ಬರೆಯಬೇಕು. ಜೊತೆಗೆ, ಮುಂದೆ ಒಡೆದು ಬೇರೆಯಾದ ಹಲವು ಪಂಗಡಗಳ ವಿನಯಗಳು, ಐದನೆಯ ಶತಮಾನದ ಆರಂಭದಲ್ಲಿ ಚೀನೀ ಭಾಷೆಗೆ ಹೋದವು ಕೂಡ, ರಾಜಗೃಹದಲ್ಲಿ ವಿನಯ ಹೇಳಿದವನು ಉಪಾಲಿಯೇ ಎನ್ನುತ್ತವೆ ಎಂಬುದನ್ನೂ ಬರೆಯಬೇಕು. ಹತ್ತು ವಿಷಯಕ್ಕೆ ಕಚ್ಚಾಡಿದವರು ಒಂದು ವಿಷಯದಲ್ಲಿ ಒಪ್ಪಿದ್ದಾರೆಂದರೆ ಆ ಸಾಕ್ಷಿಗೆ ತೂಕ ಹೆಚ್ಚು. 'ಮಹಾವಸ್ತು' ಮಾತ್ರ ಇನ್ನೊಂದು ಕಥೆಯನ್ನೂ ಹೇಳುತ್ತದೆ: ಉಪಾಲಿ ಹುಡುಗನಾಗಿದ್ದಾಗ ಬುದ್ಧನಿಗೇ ಕ್ಷೌರ ಮಾಡುತ್ತ ಧ್ಯಾನಕ್ಕೆ ಏರಿದನಂತೆ. ಎರಡನ್ನೂ ಬೆರೆಸಿ ಒಂದೇ ಪಾಕ ಮಾಡಬಾರದು. ಈ ಪುಸ್ತಕ ಹೀಗೆನ್ನುತ್ತದೆ, ಆ ಪುಸ್ತಕ ಹಾಗೆನ್ನುತ್ತದೆ ಎಂದು ಬೇರೆ ಬೇರೆಯಾಗಿ ಇಟ್ಟರೆ ಸಾಕು.

ಇನ್ನು ಆ "ರಾಜಮನೆತನದ ಸೇವೆ". ಇಲ್ಲಿ ನಾವು ಪೂರ್ತಿಯಾಗಿ ತರುಣನ ಪಕ್ಷ. ಪಾಲಿಯಲ್ಲಿ ಇರುವ ಶಬ್ದ ಕಪ್ಪಕ, ಅಂದರೆ ಕ್ಷೌರಿಕ. ಅದರಲ್ಲಿ ಸಂದಿಗ್ಧವೇನೂ ಇಲ್ಲ. ತಿದ್ದಿದವರು ಕೆಟ್ಟ ಮನಸ್ಸಿನಿಂದ ತಿದ್ದಿರಲಾರರು, ಗೌರವಕ್ಕೆಂದೇ ತಿದ್ದಿರಬಹುದು. ಆದರೆ ಕಸುಬಿನ ಹೆಸರು ಹೇಳಿದರೆ ಅಗೌರವವೆಂದು ಅವರಿಗೆ ಹೇಳಿಕೊಟ್ಟವರು ಯಾರು? ಕಸುಬು ಅಳಿಸಿದ ಮೇಲೆ ಕುಮಾರರು ಅವನಿಗೆ ಬಾಗಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ರಾಜಸೇವಕನಿಗೆ ರಾಜಕುಮಾರ ನಮಸ್ಕರಿಸಿದ ಎಂಬುದು ಅರಮನೆಯ ಸುದ್ದಿ. ಕ್ಷೌರಿಕನಿಗೆ ನಮಸ್ಕರಿಸಿದ ಎಂಬುದು ಬೇರೆಯೇ ಸುದ್ದಿ.

ಇನ್ನೊಂದು ಸಂಗತಿ ತರುಣನ ಕಣ್ಣಿಗೇ ಬಿದ್ದಿರಲಿಲ್ಲ. ಅವನು ತಾನೇ ಬರೆದಿದ್ದ ಲೇಖನದಲ್ಲಿ ಆನಂದರು ಹೇಳಿದರು, ಅನುರುದ್ಧರು ಬಂದರು ಎಂದಿತ್ತು. ಉಪಾಲಿ ಮಾತ್ರ ಬಂದ, ಹೇಳಿದ. ತೋರಿಸಿದಾಗ ಬೆಚ್ಚಿಬಿದ್ದ. ಪಾಲಿಯಲ್ಲಿ ಆನಂದನಿಗೂ ಉಪಾಲಿಗೂ ಹೆಸರಿನ ಹಿಂದೆ ಬರುವುದು ಒಂದೇ ಗೌರವದ ಮಾತು, ಆಯಸ್ಮಾ. ನಾವು ಇಲ್ಲಿ ಬುದ್ಧನಿಂದ ಹಿಡಿದು ಶಿಷ್ಯರೆಲ್ಲರಿಗೂ ಏಕವಚನವನ್ನೇ ಬಳಸಿದ್ದೇವೆ. ಬಹುವಚನ ಬೇಕೆನ್ನುವವರು ಎಲ್ಲರಿಗೂ ಕೊಡಲಿ.

ನಿನ್ನೆ ಸಂಜೆ ತರುಣ ಮತ್ತೆ ಬಂದಿದ್ದ. "ಕ್ಷೌರಿಕ" ಎಂಬ ಶಬ್ದ ತನ್ನ ಜಾಗಕ್ಕೆ ಮರಳಿದೆ, ಮುಂದೆ ಚುಲ್ಲವಗ್ಗದ ಅಧ್ಯಾಯ, ಹಾರ್ನರಳ ಸಂಪುಟ, ಪುಟ. ಜನ್ಮವರ್ಷವನ್ನು ಅವನೇ ತೆಗೆದಿದ್ದಾನೆ. ಮೊದಲು ಬರೆದದ್ದಕ್ಕಿಂತ ಲೇಖನ ಚಿಕ್ಕದಾಗಿದೆ. ಐದು ದಿನವಾದರೂ ಯಾರೂ ಮುಟ್ಟಿಲ್ಲ. ಈಗ ಸುನೀತನ ಮೇಲೆ ಬರೆಯಬೇಕೆಂದು ಥೇರಗಾಥೆ ಹುಡುಕುತ್ತಿದ್ದಾನೆ. ಯಾರ ಮನೆಯಲ್ಲಾದರೂ ಪ್ರತಿ ಇದ್ದರೆ ಪತ್ರಿಕೆಯ ಕಚೇರಿಗೆ ತಲುಪಿಸಬೇಕು, ಓದಿ ಹಿಂದಿರುಗಿಸುತ್ತಾನೆ.