ತಕ್ಕಡಿಗೆ ನಿಲುಕದ ಹಿತ್ತಾಳೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ರಸ್ತೆಯಲ್ಲಿ ಉಣಕಲ್ಲನ್ನು ದಾಟಿದೊಡನೆ ಸಿಗುವ ಬೈರಿದೇವರಕೊಪ್ಪವು ಒಂದು ಕಾಲಕ್ಕೆ ಹಳ್ಳಿ. ಈಗ ಮಹಾನಗರದ ಒಂದು ಭಾಗ. ಇಂಥ ಊರುಗಳಲ್ಲಿ ಹಳೆಯ ಮಣ್ಣಿನ ಮಾಳಿಗೆಯನ್ನು ಕೆಡವಿ ಕಾಂಕ್ರೀಟಿನ ಮನೆ ಎಬ್ಬಿಸುವಾಗ, ಅಟ್ಟದಿಂದ ಇಳಿಯುವ ಸಾಮಾನುಗಳ ನಡುವೆ ಸರಪಳಿಯ ಹಿತ್ತಾಳೆ ತೂಗುದೀಪವೊಂದು ದೊರೆತರೆ ಆಶ್ಚರ್ಯವಿಲ್ಲ. ಜಂತಿಯೇ ಇಲ್ಲದ ಮನೆಯಲ್ಲಿ ಅದನ್ನು ತೂಗಹಾಕುವುದೆಲ್ಲಿ? ಅದು ಬೋಗಾರರ ಅಂಗಡಿಯ ತಕ್ಕಡಿಯನ್ನು ಏರುತ್ತದೆ. ಕಿಲೋಗೆ ಇಷ್ಟೆಂದು ಹಣ ಕೈಸೇರುತ್ತದೆ. ವ್ಯಾಪಾರದಲ್ಲಿ ಮೋಸವೇನೂ ಇಲ್ಲ. ತಕ್ಕಡಿಗೆ ಲೋಹವಷ್ಟೇ ಕಾಣುವುದು, ಅದನ್ನು ತಿದ್ದಿದ ಕೈ ಕಾಣುವುದಿಲ್ಲ.

ಇದೇ ಹಿತ್ತಾಳೆಯಿಂದ ಮಾಡಿದ, ಇಷ್ಟೇ ವಯಸ್ಸಾದ ಕೆಲವು ತೂಗುದೀಪಗಳು ದೂರದ ಫಿನ್‌ಲೆಂಡ್ ದೇಶದಿಂದ ಬಂದು ಪಶ್ಚಿಮದ ಹರಾಜುಕಟ್ಟೆಗಳಲ್ಲಿ ಲಕ್ಷ ಡಾಲರನ್ನು ಮೀರಿ ಮಾರಾಟವಾದದ್ದುಂಟು. ಅವುಗಳನ್ನು ರೂಪಿಸಿದಾತನ ಹೆಸರು ಪಾವೊ ಟ್ಯುನೆಲ್. ಬೆಲೆಯ ಮಾತು ಹಾಗಿರಲಿ, ಅದು ಸಿರಿವಂತರ ಹುಚ್ಚು. ಆತ ಮಾಡಿದ ಕೆಲಸವೇನೆಂಬುದು ನಮ್ಮ ಮನೆಗಳಿಗೆ ಹೆಚ್ಚು ಸಂಬಂಧಪಟ್ಟ ಸಂಗತಿ.

ಟ್ಯುನೆಲ್ ಹುಟ್ಟಿದ್ದು 1890ರಲ್ಲಿ, ಹೆಲ್ಸಿಂಕಿ ನಗರದಲ್ಲಿ. ದೊಡ್ಡ ಓದು ಓದಿದವನಲ್ಲ. ಹದಿಹರೆಯದಲ್ಲಿಯೇ ತಗಡಿನ ಕೆಲಸಕ್ಕೆ ಸೇರಿ, ಬಡಿಯುವುದು, ಬಾಗಿಸುವುದು, ಬೆಸೆಯುವುದು ಇವನ್ನೆಲ್ಲ ಕೈಯಿಂದಲೇ ಕಲಿತವನು. ಫಿನ್‌ಲೆಂಡ್ ಸ್ವತಂತ್ರವಾದದ್ದು 1917ರ ಡಿಸೆಂಬರಿನಲ್ಲಿ. ಅದರ ಮರುವರ್ಷ, ಅಂತರ್ಯುದ್ಧದಿಂದ ದೇಶ ತತ್ತರಿಸುತ್ತಿದ್ದ 1918ರಲ್ಲಿಯೇ, ಈತ ಕೆಲವರು ಜೊತೆಗಾರರೊಡನೆ ಲೋಹದ ಕಾರ್ಖಾನೆಯೊಂದನ್ನು ತೆರೆದ. ಅದಕ್ಕೆ ಇಟ್ಟ ಹೆಸರು ‘ತೈತೊ’. ಆ ಭಾಷೆಯಲ್ಲಿ ಹಾಗೆಂದರೆ ಕೌಶಲ.

ಆ ಕಾಲ ಎಣ್ಣೆಯ ದೀಪ ಹೋಗಿ ವಿದ್ಯುತ್ತು ಬರುತ್ತಿದ್ದ ಕಾಲ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ಆ ಮೇಲೆ ಒಂದೊಂದಾಗಿ ಊರುಗಳಿಗೆ ತಂತಿ ಬಂತು. ನಮ್ಮ ಪಡಸಾಲೆಗಳಲ್ಲಿ ನಡೆದದ್ದೇನು? ತಂತಿಯ ತುದಿಗೆ ಬೋಳು ಬಲ್ಬೊಂದು ಜೋತುಬಿತ್ತು; ಕಂದೀಲೂ ತೂಗುದೀಪವೂ ಅಟ್ಟಕ್ಕೆ ಏರಿದವು. ಎಣ್ಣೆಯ ದೀಪದ ಸೊಬಗನ್ನು ಬಲ್ಬಿಗೆ ದಾಟಿಸುವ ಯೋಚನೆ ಹೆಚ್ಚು ಜನಕ್ಕೆ ಬರಲಿಲ್ಲ. ಟ್ಯುನೆಲ್‌ಗೆ ಬಂತು. ಬರಲು ಕಾರಣವೂ ಇತ್ತು. ಹುಬ್ಬಳ್ಳಿಯಲ್ಲಿ ಡಿಸೆಂಬರಿನ ಅತ್ಯಂತ ಚಿಕ್ಕ ಹಗಲು ಕೂಡ 11 ಗಂಟೆಗೆ ಮಿಕ್ಕಿರುತ್ತದೆ. ಹೆಲ್ಸಿಂಕಿಯಲ್ಲಿ ಅದು ಪೂರ್ತಿ 6 ಗಂಟೆಯೂ ಇಲ್ಲ. ಉತ್ತರದ ತುದಿಯಲ್ಲಂತೂ ಸುಮಾರು 50 ದಿನ ಸೂರ್ಯನು ಮುಖವನ್ನೇ ತೋರುವುದಿಲ್ಲ. ಎಚ್ಚರದ ಹೊತ್ತಿನ ಬಹುಭಾಗವನ್ನು ದೀಪದ ಕೆಳಗೇ ಕಳೆಯಬೇಕಾದವರಿಗೆ ಕಣ್ಣು ಕುಕ್ಕುವ ಬಲ್ಬು ಶಿಕ್ಷೆಯೇ ಸರಿ.

ಆತ ಕಂಡುಕೊಂಡ ಉಪಾಯ ಸರಳ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಅದು ಬೆಳಕಿನಲ್ಲಿರುವ ನೀಲಿಯನ್ನು ಒಂದಿಷ್ಟು ನುಂಗಿ, ಹಳದಿ ಕೆಂಪನ್ನು ಹಿಂದಕ್ಕೆ ಎಸೆಯುತ್ತದೆ. ಆದುದರಿಂದ ಹಿತ್ತಾಳೆಯ ಬಟ್ಟಲಿನೊಳಗೆ ಬಲ್ಬನ್ನು ಅಡಗಿಸಿದರೆ ಹೊರಬರುವ ಬೆಳಕು ಎಣ್ಣೆಯ ದೀಪದಂತೆ ಬೆಚ್ಚಗಿರುತ್ತದೆ. ಇನ್ನು ತಗಡಿಗೆ ಸಣ್ಣ ಸಣ್ಣ ರಂಧ್ರಗಳನ್ನು ಹೊಡೆದರೆ? ಬಲ್ಬಿನ ಕಾವು ಹೊರಗೆ ಹೋಗುತ್ತದೆ; ಬೆಳಕು ಚುಕ್ಕೆಚುಕ್ಕೆಯಾಗಿ ಚೆಲ್ಲುತ್ತದೆ. ಐಹೊಳೆಯ ದುರ್ಗದ ಗುಡಿಯ ಕಲ್ಲಿನ ಜಾಲಂಧ್ರಗಳನ್ನು ಕಂಡವರಿಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಬೆಳಕು ಹೊರಗಿನಿಂದ ಒಳಕ್ಕೆ, ಇಲ್ಲಿ ಒಳಗಿನಿಂದ ಹೊರಕ್ಕೆ, ಅಷ್ಟೇ ಭೇದ. ಟ್ಯುನೆಲ್‌ನ ಕೆಲವು ದೀಪಗಳಲ್ಲಿ ರಂಧ್ರ ಹೊಡೆದ ಹಿತ್ತಾಳೆಯ ಹಿಮದ ಹಳಕುಗಳೇ ಗೊಂಚಲಾಗಿ ತೂಗುತ್ತವೆ.

ಫಿನ್‌ಲೆಂಡಿನ ಸಂಸತ್ ಭವನ 1931ರಲ್ಲಿ ಸಿದ್ಧವಾದಾಗ ಅದರ ದೀಪಗಳನ್ನು ಒದಗಿಸಿದ್ದು ತೈತೊ. ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ತನ್ನ ದೀಪಗಳನ್ನು ಮಾಡಿಸುತ್ತಿದ್ದದ್ದೂ ಅಲ್ಲಿಯೇ. ಟ್ಯುನೆಲ್‌ನ ಪತ್ನಿ ಹೆಲೆನಾ ಕೂಡ ತೈತೊಗಾಗಿ ದೀಪಗಳನ್ನು ರೂಪಿಸಿದವಳು. ಆಕೆ ಗಾಜಿನ ಕೆಲಸದಲ್ಲಿ ಗಂಡನಿಗೆ ಸಮನಾದ ಕೀರ್ತಿ ಗಳಿಸಿದಳು. 1940ರ ದಶಕದ ಕೊನೆಗೆ ನ್ಯೂಯಾರ್ಕಿನಲ್ಲಿ ತೆರೆದ ‘ಫಿನ್‌ಲೆಂಡ್ ಹೌಸ್’ ಇವನ ದೀಪಗಳನ್ನು ಅಮೆರಿಕನ್ನರಿಗೆ ಪರಿಚಯಿಸಿತು. 1953ರಲ್ಲಿ ತೈತೊ ಇಡ್ಮನ್ ಎಂಬ ಸಂಸ್ಥೆಯ ಪಾಲಾಯಿತು. ಟ್ಯುನೆಲ್ 1973ರಲ್ಲಿ ತೀರಿಕೊಂಡ. ಈಚಿನ ವರ್ಷಗಳಲ್ಲಿ ಡೆನ್ಮಾರ್ಕಿನ ಗುಬಿ ಸಂಸ್ಥೆ ಅವನ ಮಾದರಿಗಳನ್ನು ಹೊಸದಾಗಿ ತಯಾರಿಸಿ ಮಾರುತ್ತಿದೆ.

ಹಳೆಯ ತೈತೊ ದೀಪಗಳ ಮೇಲೆ ಕಾರ್ಖಾನೆಯ ಮುದ್ರೆಯೂ ಮಾದರಿಯ ಸಂಖ್ಯೆಯೂ ಇರುತ್ತವೆ. ನಾಗಮಂಗಲದ ಹಿತ್ತಾಳೆ ಕೆಲಸಗಾರರೂ ಕೈಯಲ್ಲಿ ಕಡಮೆಯವರಲ್ಲ. ಆದರೆ ಅಟ್ಟದಿಂದ ಇಳಿದ ದೀಪದ ಬುಡವನ್ನು ತಿರುವಿ ನೋಡಿದರೆ ಸಾಮಾನ್ಯವಾಗಿ ಸಿಗುವುದು ಅದನ್ನು ಕೊಂಡ ಯಜಮಾನರ ಹೆಸರು, ಎರೆದವನದಲ್ಲ. ಹೆಸರಿಲ್ಲದ ವಸ್ತುವನ್ನು ಕರಗಿಸಲು ಯಾರ ಮನಸ್ಸೂ ಹಿಂಜರಿಯದು.

ಅಟ್ಟದ ದೀಪವನ್ನು ಮತ್ತೆ ತೂಗಹಾಕಬೇಕೆನ್ನುವವರು ಅದಕ್ಕೆ ರಂಧ್ರ ಕೊರೆಯಲು ಹೋಗದಿರುವುದು ಲೇಸು. ತಂತಿಯನ್ನು ಸರಪಳಿಯ ಗುಂಟ ಇಳಿಸಬಹುದು. ಬಲ್ಬನ್ನು ಬಟ್ಟಲಿನ ಅಂಚಿಗಿಂತ ಕೆಳಗೆ ಅಡಗಿಸಬೇಕು. ಇಂದಿನ ಎಲ್‌ಇಡಿ ಬಲ್ಬು ಸಾಕು, ಆದರೆ ಬಿಳಿಯದು ಬೇಡ, ಹಳದಿ ಬೆಳಕಿನದು. ಮೈಯೆಲ್ಲ ಲೋಹವಾದುದರಿಂದ ನೆಲತಂತಿಯನ್ನು ಕೂಡಿಸಲು ಬಲ್ಲ ಕೆಲಸಗಾರನಿಗೇ ಹೇಳಬೇಕು. ತಿಕ್ಕಲು ಹುಣಸೆಹಣ್ಣೇ ಸಾಕು. ಒರಟು ಪುಡಿ ಕೆತ್ತನೆಯನ್ನು ಸವೆಸುತ್ತದೆ. ಇನ್ನು ಕೊಂಡಿಯ ಮಾತು: ಛಾವಣಿಗೆ ಕಾಂಕ್ರೀಟು ಸುರಿಯುವ ಮೊದಲೇ ಮೇಸ್ತ್ರಿಗೆ ಜಾಗ ತೋರಿಸಬೇಕು. ಎಲ್ಲರೂ ಫ್ಯಾನಿನ ಕೊಂಡಿಯನ್ನು ಹೇಳಿ, ದೀಪದ್ದನ್ನು ಮರೆಯುತ್ತಾರೆ.