ಮುಖ ಅವಳದು, ಫೋಟೋ ಯಾರದು?

'ಸಿಗರೇಟ್ ಕಾರ್ಡ್' ಅಂತ ಗೂಗಲ್‌ನಲ್ಲಿ ಹುಡುಕಿ ನೋಡಿ. 1880ರ ದಶಕದ ಅಮೆರಿಕದ ಪುಟ್ಟ ಪುಟ್ಟ ಚಿತ್ರಗಳು ಬರುತ್ತವೆ. ತುಂಬಾ ಕಾರ್ಡ್‌ಗಳಲ್ಲಿ ಇರೋದು ನಾಟಕ, ಒಪೆರಾದ ನಟಿಯರು. ಜೊತೆಗೆ ತಂಬಾಕು ಕಂಪನಿಯ ಹೆಸರು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ಇವನ್ನು ಜೋಪಾನವಾಗಿ ಇಟ್ಟಿದೆ. ನೋಡಲು ಚೆನ್ನಾಗಿವೆ, ನಿಜ. ಆದರೆ ನನ್ನ ಪ್ರಶ್ನೆ ಬೇರೆ. ಆ ಮುಖಗಳ ಮೇಲೆ ಆ ನಟಿಯರಿಗೆ ಏನಾದ್ರೂ ಹಕ್ಕಿತ್ತಾ?

ಮೊದಲು ನಮ್ಮ ಮೆಕ್ಯಾನಿಕಲ್‌ನವರಿಗೆ ಇಷ್ಟವಾಗೋ ಭಾಗ. ಆಗ ಸಿಗರೇಟನ್ನು ಕೈಯಲ್ಲೇ ಸುತ್ತುತ್ತಿದ್ದರು. ನಿಮಿಷಕ್ಕೆ ನಾಲ್ಕೈದು ಆದರೆ ಹೆಚ್ಚು. ನಮಗಿಂತ ಒಂದೆರಡು ವರ್ಷ ದೊಡ್ಡವನಾದ ಜೇಮ್ಸ್ ಬೊನ್ಸಾಕ್ ಅದಕ್ಕೊಂದು ಮೆಷಿನ್ ಮಾಡಿದ. 1884ರಲ್ಲಿ ನಾರ್ತ್ ಕ್ಯಾರೊಲಿನಾದ ಡ್ಯೂಕ್ ಕಂಪನಿಯಲ್ಲಿ ಅದು ನಿಮಿಷಕ್ಕೆ ಸುಮಾರು 200 ಸುತ್ತತೊಡಗಿತು. ತಯಾರಿಸೋ ಕಷ್ಟ ಮುಗೀತು. ಆದರೆ ಅಷ್ಟನ್ನೂ ಸೇದೋರು ಬೇಕಲ್ಲ? ಪ್ಯಾಕೆಟ್ ಮುದುರದಿರಲಿ ಅಂತ ಒಳಗಿಡುತ್ತಿದ್ದ ರಟ್ಟು ಇಲ್ಲಿ ಕೆಲಸಕ್ಕೆ ಬಂತು. ಅದರ ಮೇಲೆ ನಟಿಯರ ಚಿತ್ರ, ಅದೂ ಸೀರೀಸ್ ಆಗಿ. ಸೆಟ್ ಪೂರ್ತಿ ಆಗಬೇಕಾ? ಇನ್ನೊಂದು ಪ್ಯಾಕೆಟ್ ತಗೋ.

ಅದೇ 1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಫೋಟೋ ಬಗ್ಗೆ ಒಂದು ದೊಡ್ಡ ತೀರ್ಪು ಕೊಟ್ಟಿತು. ಲೇಖಕ ಆಸ್ಕರ್ ವೈಲ್ಡ್‌ನ ಫೋಟೋವನ್ನು ನೆಪೋಲಿಯನ್ ಸರೋನಿ ಎಂಬ ಫೋಟೋಗ್ರಾಫರ್ ತೆಗೆದಿದ್ದ. ಒಂದು ಮುದ್ರಣ ಕಂಪನಿ ಅದನ್ನು ಕೇಳದೆ 85,000 ಪ್ರತಿ ಅಚ್ಚು ಹಾಕಿತು. ಕೇಸ್ ಗೆದ್ದದ್ದು ಸರೋನಿ. ಭಂಗಿ, ಉಡುಪು, ಬೆಳಕು ಹೊಂದಿಸಿದವನು ಅವನು, ಆದ್ದರಿಂದ ಫೋಟೋ ಅವನ ಕೃತಿ ಅಂದಿತು ಕೋರ್ಟ್. ಸರಿಯೇ. ಆದರೆ ಮುಖ ಕೊಟ್ಟವನ ಪ್ರಶ್ನೆ ಆ ಕೇಸಿನಲ್ಲಿ ಏಳಲೇ ಇಲ್ಲ.

"ಪುಕ್ಕಟೆ ಪಬ್ಲಿಸಿಟಿ ಸಿಕ್ತಲ್ಲ, ನಷ್ಟ ಏನು?" ಅನ್ನಬಹುದು. ಹಾಗಿದ್ರೆ 1890ರಲ್ಲಿ ಮ್ಯಾರಿಯನ್ ಮನೋಲಾ ಎಂಬ ನಟಿ ಕೋರ್ಟಿಗೆ ಯಾಕೆ ಹೋದಳು? ಮೈಗಂಟಿದ ಉಡುಪಿನಲ್ಲಿ ವೇದಿಕೆ ಮೇಲಿದ್ದಾಗ, ಅವಳು ಬೇಡ ಅಂದರೂ ಕದ್ದು ಫೋಟೋ ತೆಗೆದಿದ್ದರು. ವೇದಿಕೆ ಹತ್ತೋಕೆ ಒಪ್ಪಿದ್ದಳು, ಅಂಗಡಿಯಲ್ಲಿ ತೂಗೋಕೆ ಅಲ್ಲ. ಎರಡೂ ಒಂದೇ ಅಲ್ಲ. ತಮಾಷೆ ಅಂದ್ರೆ, ಇಂಥ ಚಿತ್ರಗಳು ತಪ್ಪು ಅಂತ 1894ರಲ್ಲಿ ಮುದುಕ ವಾಷಿಂಗ್ಟನ್ ಡ್ಯೂಕ್ ತನ್ನ ಮಗನಿಗೇ ಪತ್ರ ಬರೆದ. ಅವನ ಚಿಂತೆ ಧರ್ಮ, ಯುವಜನ, ಸಿಗರೇಟಿನ ವಿರುದ್ಧ ಬರಬಹುದಾದ ಕಾನೂನು. ಚಿತ್ರದಲ್ಲಿದ್ದ ಹೆಣ್ಣುಮಕ್ಕಳ ಒಪ್ಪಿಗೆ ಅಲ್ಲ. ಹೆಸರು ಅಥವಾ ಮುಖವನ್ನು ಜಾಹೀರಾತಿಗೆ ಬಳಸಲು ಲಿಖಿತ ಒಪ್ಪಿಗೆ ಬೇಕು ಅಂತ ನ್ಯೂಯಾರ್ಕ್ ಕಾನೂನು ಮಾಡಿದ್ದು 1903ರಲ್ಲಿ.

ಈಗ ನಮ್ಮ ಫೆಸ್ಟ್‌ಗಳನ್ನೇ ನೋಡಿ. ಡ್ಯಾನ್ಸ್ ಮಾಡಿದ ಹುಡುಗಿಯ ಫೋಟೋ ಮಾರನೇ ದಿನ ಸ್ಪಾನ್ಸರ್ ಲೋಗೋ ಜೊತೆ ಇನ್‌ಸ್ಟಾಗ್ರಾಮ್‌ನಲ್ಲಿ ಇರುತ್ತೆ. ಕ್ಯಾಮೆರಾ ಹಿಡಿದವರಿಗೆ ಟ್ಯಾಗ್ ಇರುತ್ತೆ. ಕುಣಿದವಳನ್ನು ಒಂದು ಮಾತು ಕೇಳಿರಲ್ಲ. ಸರೋನಿಗೆ ಸಿಕ್ಕ ಮರ್ಯಾದೆ ಫೋಟೋಗ್ರಾಫರ್‌ಗಳಿಗೆ ಸಿಗಲಿ, ಖಂಡಿತ. ಆದರೆ ಫೆಸ್ಟ್ ರಿಜಿಸ್ಟ್ರೇಷನ್ ಫಾರ್ಮ್‌ನಲ್ಲಿ ಇನ್ನೊಂದೇ ಸಾಲು ಸೇರಿಸೋಣ: 'ನಿಮ್ಮ ಫೋಟೋವನ್ನು ಸ್ಪಾನ್ಸರ್ ಪೋಸ್ಟ್‌ಗೆ ಬಳಸಬಹುದೇ? ಹೌದು / ಬೇಡ.' 'ಬೇಡ' ಅಂದವರ ಫೋಟೋ ಹಾಕದಿದ್ದರೆ ಯಾವ ಫೆಸ್ಟೂ ನಿಲ್ಲಲ್ಲ.