ಕೂಸು ನೋಡಿಕೊಂಡರೆ ಗೃಹಲಕ್ಷ್ಮಿ ನಿಲ್ಲುತ್ತದೆಯೇ?

ಪಂಚಾಯ್ತಿಯ 'ಕೂಸಿನ ಮನೆ'ಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಅಕ್ಕಂದಿರಲ್ಲಿ ಒಂದು ಅಂಜಿಕೆ ಇದೆ. ಈ ಕೂಲಿ ಖಾತೆಗೆ ಬಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿ ನಿಂತುಹೋದೀತೇ ಅಂತ. ಆ ಕೂಲಿಯಿಂದ ನಿಲ್ಲುವುದಿಲ್ಲ.

ಲೆಕ್ಕ ಹಾಕಿ ನೋಡಿ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ನೂರು ದಿನ ದುಡಿದರೂ 37,000. ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆ ಲೆಕ್ಕ ಶುರುವಾಗುವುದೇ 4 ಲಕ್ಷ ದಾಟಿದ ಮೇಲೆ.

ತೊಂದರೆ ಬರುವುದು ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವವರಿಗೆ. ಸಾಲಕ್ಕೆ ಹೋದರೆ ಯಾರೋ ಒಬ್ಬರು 'ಐಟಿ ಹಾಕಿಸಿ, ಜಿಎಸ್‌ಟಿ ಮಾಡಿಸಿ' ಎಂದುಬಿಡುತ್ತಾರೆ. ಇಲ್ಲಿ ಹುಷಾರು. ಯಜಮಾನಿಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಗೃಹಲಕ್ಷ್ಮಿ ಇಲ್ಲ. ಜಿಎಸ್‌ಟಿಗೆ ನಿಯಮ ಇನ್ನೂ ಬಿಗಿ, ರಿಟರ್ನ್ ಸಲ್ಲಿಸುವವರಾಗಿದ್ದರೂ ಸಾಕು, ಹಣ ಇಲ್ಲ. ವರ್ಷಕ್ಕೆ 20 ಲಕ್ಷದೊಳಗಿನ ಸೇವೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಸಾಲದ ಆಸೆಗೆ ಸುಮ್ಮನೆ ಮಾಡಿಸಿಕೊಳ್ಳಬೇಡಿ.

ಇನ್ನು ಐಟಿ. ರಿಟರ್ನ್ ಹಾಕುವುದೇ ಬೇರೆ, ತೆರಿಗೆ ಕಟ್ಟುವುದೇ ಬೇರೆ. ಆದರೂ ಒಂದು ರೂಪಾಯಿ ತೆರಿಗೆ ಕಟ್ಟದವರ ಹೆಸರೂ ತೆರಿಗೆದಾರರ ಪಟ್ಟಿಗೆ ಸೇರಿ ಹಣ ನಿಂತ ದೂರುಗಳು ರಾಜ್ಯದಲ್ಲಿ ಬೇಕಾದಷ್ಟಿವೆ. ಆಗ ಕೂಲಿ ಬಿಟ್ಟು, ಬಸ್ಸು ಹತ್ತಿ ತಾಲ್ಲೂಕಿನ ಸಿಡಿಪಿಒ ಕಚೇರಿಗೆ ಅಲೆಯಬೇಕಾದವರು ಹೆಣ್ಣುಮಕ್ಕಳೇ. ಇದು ಸರಿಯಲ್ಲ ಅನ್ನುವುದು ನಮ್ಮ ವಾದ. ಪಾನ್ ನಂಬರಿನ ಮಾಹಿತಿ ಇರುವುದು ಸರ್ಕಾರದ ಬಳಿ. ಕಟ್ಟಿದ ತೆರಿಗೆ ಸೊನ್ನೆಯೋ ಅಲ್ಲವೋ ಎಂದು ಹಣ ನಿಲ್ಲಿಸುವ ಮೊದಲೇ ಅವರು ನೋಡಲಿ.